ಮಡಿಕೆ ಬಿಚ್ಚದ ಲೆಕ್ಕ

ಮುಂದಿನ ಸೀಟಿನ ಹೆಂಗಸಿನ ಕುಪ್ಪಸದ ಬೆನ್ನಹೊಲಿಗೆ ಓರೆಯಾಗಿದೆ, ಒಂದು ಬೆರಳಿನಷ್ಟು ಎಡಕ್ಕೆ ಸರಿದಿದೆ, ಬಸ್ಸು ಕುಲುಕಿದಾಗೆಲ್ಲ ಇನ್ನಷ್ಟು ಓರೆಯಾಗಿ ಕಾಣುತ್ತದೆ, ಕಮರುನ್ನಿಸಾ ಆಪಾ ನೋಡಿದ್ದರೆ ಲೊಚ್ಚ್ ಅಂತ ನಾಲಿಗೆ ಬಡಿದು, ಯಾವನ್ ಹೊಲದಾನಬೇ ಇದನ್ನ, ಕಣ್ಣಿಗೆ ಪಟ್ಟಿ ಕಟಗೊಂಡ ಕುಂತಿದ್ದನೇನು, ಅನ್ನುತ್ತಿದ್ದಳು, ಅಂದು ತನ್ನ ಹೊಲಿಗೆ ಅಂಗಡಿಯ ಮೇಜಿನ ಮೇಲಿನ ಅರಿವೆಗೆ ಅಂಗೈ ಇಟ್ಟು ಸಬಕಾರದ, ಸೋಪಿನ ಚೂರಿನ ಗೆರೆಯನ್ನು ಒಂದೇ ಸಲಕ್ಕೆ ಒರೆಸಿ ಹೊಸದಾಗಿ ಎಳೆಯುತ್ತಿದ್ದಳು — ಬೇಡ, ಆಪಾನ ಅಂಗೈ ಈಗ ಬೇಡ, ತಾರವ್ವ ಕಿಟಕಿಯ ಕಡೆ ತಿರುಗಿದಳು, ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿವೆ, ಚಿಕ್ಕೋಡಿ ಬಿಟ್ಟು ಹತ್ತು ನಿಮಿಷ ಆಗಿದೆ, ಇನ್ನು ಅರ್ಧ ತಾಸಿಗೆ ಅಂಕಲಿ, ಇವತ್ತೊಂದು ದಿನ ಈ ಬಸ್ಸಿನ ಗಾಲಿಯಾದರೂ ಪಂಕ್ಚರ್ ಆಗಬಾರದೇ, ಮಡಿಲಲ್ಲಿ ನೋಟುಬುಕ್ಕು, ಅದರ ಕೊನೆಯ ಹಾಳೆಯಲ್ಲಿ ಕೆಂಪು ಶಾಯಿಯ ಅಡ್ಡಗೀರು, ಗಣಿತದ ಸರ್ ಎಷ್ಟು ಒತ್ತಿ ಗೀರಿದ್ದಾರೆ ಅಂದರೆ ಹಾಳೆಯ ಹಿಂಬದಿಗೂ ಗೆರೆ ಎದ್ದಿದೆ, ಮುಟ್ಟಬಾರದು ಅಂದುಕೊಂಡರೂ ಬೆರಳು ಅಲ್ಲಿಗೇ ಹೋಗುತ್ತದೆ. ಹತ್ತು ಲೆಕ್ಕದಲ್ಲಿ ಒಂಬತ್ತು ಸರಿ, ಒಂದು ತಪ್ಪು. ಬೇರೆ ಯಾವ ವಾರ ಆಗಿದ್ದರೂ ಒಂಬತ್ತು ಅಂದರೆ ಹಬ್ಬ, ಅವ್ವನಿಗೆ ಹೇಳಿ ಒಂದು ಸೇರು ಹಾಲು ಆಪಾನ ಮನೆಗೆ ಕೊಟ್ಟು ಬರುತ್ತಿದ್ದಳು. ಈ ವಾರ ಹತ್ತೇ ಬೇಕಾಗಿತ್ತು. ಹತ್ತಕ್ಕೆ ಹತ್ತು.

ಆ ಲೆಕ್ಕಗಳನ್ನೆಲ್ಲ ಮಾಡಿದವಳು ತಾರವ್ವ ಅಲ್ಲ ಎನ್ನುವುದು ಅಂಕಲಿಯಲ್ಲಿ ಮೂರು ಜನಕ್ಕೆ ಮಾತ್ರ ಗೊತ್ತು, ಅವಳಿಗೆ, ಆಪಾಗೆ, ಆಪಾನ ಗಂಡ ಲಾಲಸಾಬ ಮಾಮಾಗೆ, ಇವತ್ತಿನ ಮುಂಜಾನೆಯಿಂದ ಚಿಕ್ಕೋಡಿಯ ಕಾಲೇಜಿನ ಅರವತ್ತು ಜನಕ್ಕೂ ಗೊತ್ತಾಗಿದೆ, ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ, ಆಮೇಲೆ ನೆನೆಯೋಣ. ಹೋದ ವರ್ಷ, ಎಂಬತ್ತೇಳರ ಮಳೆಗಾಲ, ಬಿ.ಎಸ್ಸಿ. ಮೊದಲ ವರ್ಷದ ಮೊದಲ ತಿಂಗಳು, ಬೋರ್ಡಿನ ಮೇಲೆ ಸರ್ ಬರೆಯುವುದೆಲ್ಲ ಇರುವೆ ಸಾಲಿನಂತೆ ಕಾಣುತ್ತಿತ್ತು, ಅಕ್ಷರ ಗೊತ್ತು, ಅಂಕಿ ಗೊತ್ತು, ಎರಡೂ ಕೂಡಿ ಏನು ಹೇಳುತ್ತಿವೆ ಅನ್ನುವುದು ಗೊತ್ತಿಲ್ಲ, ಗಂಡುಹುಡುಗರು ಸಂಜೆ ಸರ್ ಖೋಲಿಗೆ ಹೋಗಿ ಕೇಳಿಕೊಂಡು ಬರುತ್ತಿದ್ದರು, ಹುಡುಗಿಯರು ಹೋಗುವ ಹಾಗಿಲ್ಲ, ಹೋದರೂ ಆಮೇಲೆ ಅಂಕಲಿಗೆ ಬಸ್ಸಿಲ್ಲ, ಅವ್ವ ಸಕ್ಕುಬಾಯಿ ಎಮ್ಮೆ ಹಿಂಡುತ್ತಾ, ಬರಂಗಿಲ್ಲಂದ್ರ ಸರ್‌ನ ಕೇಳ ಬೇ, ಬಾಯಿ ಇಲ್ಲೇನು ನಿನಗ, ಅನ್ನುವವಳು, ಬಾಯಿ ಇತ್ತು, ಕೇಳುವುದಕ್ಕೆ ಏನು ಗೊತ್ತಿಲ್ಲ ಅನ್ನುವುದೇ ಗೊತ್ತಿರಲಿಲ್ಲ. ಹಾಗಿದ್ದಾಗ ಒಂದು ದಿನ ಜಂಪರ್ ಹೊಲಿಸಲಿಕ್ಕೆ ಲಾಲಸಾಬ ಮಾಮಾನ ಅಂಗಡಿಗೆ ಹೋಗಿ, ಆಪಾ ಅಳತೆ ತಗೊಳ್ಳುವಾಗ ನೋಟುಬುಕ್ಕನ್ನು ಕಟಿಂಗ್ ಮೇಜಿನ ಮೇಲಿಟ್ಟಳು, ಗಾಳಿಗೆ ಹಾಳೆ ತೆರೆಯಿತು, ಆಪಾ ತೋಳಿನ ಅಳತೆ ಹಿಡಿದವಳು ಹಿಡಿದಂತೆಯೇ ನಿಂತಳು, ಟೇಪು ತಾರವ್ವನ ತೋಳಿಗೆ ಸುತ್ತಿಕೊಂಡೇ ಇದೆ, ಆಪಾ ತಲೆಕೆಳಗಾದ ಹಾಳೆಯನ್ನು ತಲೆಕೆಳಗಾಗಿಯೇ ಓದುತ್ತಿದ್ದಾಳೆ, ತುಟಿ ಅಲುಗುತ್ತಿದೆ, ಆಮೇಲೆ ಬಹಳ ಮೆಲ್ಲಗೆ — ಇಲ್ಲೆ ಮೈನಸ್ ಬರಬೇಕಲ್ಲಬೇ. ಮೈನಸ್! ಗುಂಡಿ ಹಚ್ಚುವ, ಗುಂಡಿಯ ತೂತಿಗೆ ಕಾಜು ಮಾಡುವ ಆಪಾನ ಬಾಯಲ್ಲಿ ಮೈನಸ್. ತಾರವ್ವನಿಗೆ ನಗು ಬಂದಿತ್ತು ಆವತ್ತೂ.

ಮಿರಜಿನ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದಳಂತೆ ಆಪಾ, ಗಣಿತ, ಭೌತಶಾಸ್ತ್ರ, ಮೂರನೆಯ ವರ್ಷದ ಪುಸ್ತಕ ಕೊಂಡು ಕಾಗದದ ಅಟ್ಟೆ ಹಾಕುವಾಗ ಅಂಕಲಿಯಿಂದ ನೋಡಲಿಕ್ಕೆ ಬಂದರಂತೆ, ಹುಡುಗ ಟೇಲರು, ಸ್ವಭಾವ ಚಲೋ, ಲಗ್ನ ಆಗಿಹೋಯಿತು, ಹನ್ನೊಂದು ವರ್ಷ ಆಯಿತು, ಲಗ್ನ ಕೆಟ್ಟದ್ದೇನಲ್ಲಬೇ, ಮಾಮಾ ಒಂದಿನ ಕೈ ಎತ್ತಿಲ್ಲ, ಪುಸ್ತಕಕ್ಕ ಹಾಕಿದ ಅಟ್ಟಿ ಮಾತ್ರ ಹಂಗ ಐತಿ ನೋಡು, ಒಂದ ಹಾಳಿ ತಿರವಿಲ್ಲ, ಅನ್ನುತ್ತಿದ್ದಳು ನಗುತ್ತಾ, ನಗುವಾಗ ಹಲ್ಲಿನಲ್ಲಿ ದಾರ ಕಚ್ಚಿರುತ್ತಿದ್ದಳು. ಕಾಗದ ವೇಸ್ಟ್ ಯಾಕ ಮಾಡೂದು ಅಂತ ಮೇಜಿನ ಮೇಲೆ ಹಾಸಿದ ಕರಿ ಅರಿವೆಯ ಮೇಲೆಯೇ ಲೆಕ್ಕ ಶುರು ಮಾಡುತ್ತಿದ್ದಳು, ಸ್ನಾನದ ಸಬಕಾರ ಸವೆದು ಉಳಿದ ತೆಳ್ಳನೆಯ ಚೂರು ಟೇಲರ್ ಅಂಗಡಿಯ ಸೀಸದಕಡ್ಡಿ, ಅದೇ ಚೂರಿನಿಂದ ತೋಳಿನ ಬಗಲು, ಅದೇ ಚೂರಿನಿಂದ ಇಂಟಿಗ್ರೇಶನ್ ಚಿಹ್ನೆ, ತಾರವ್ವ ನೋಡಿ ನೋಟುಬುಕ್ಕಿಗೆ ಇಳಿಸಿಕೊಳ್ಳುವುದು, ತಿಳಿತೇನು, ತಿಳೀತ್ರಿ ಆಪಾ, ಸುಳ್ಳ ಹೇಳ್ಬ್ಯಾಡ, ಇನ್ನೊಮ್ಮೆ ಹೇಳ್ತೇನಿ, ಗಿರಾಕಿ ಬಂದ ಸಪ್ಪಳ ಆಯಿತೋ ಅಂಗೈ ಮೇಲಿಂದ ಕೆಳಗೆ ಒಂದು ಸಲ, ಅಷ್ಟೇ, ಎಲ್ಲ ಮಾಯ, ಕರಿ ಅರಿವೆ ಬರೇ ಕರಿ ಅರಿವೆ, ಆಪಾ ಬರೇ ಟೇಲರನ ಹೆಂಡತಿ. ತಿರುಗುವ ಚಕ್ರದ ಲೆಕ್ಕ ಮೂರು ದಿನ ತಲೆಗೆ ಹೋಗದಿದ್ದಾಗ ಮಾಮಾನನ್ನು ಎಬ್ಬಿಸಿ ಹೊಲಿಗೆ ಮಶೀನಿನ ಮುಂದೆ ತಾರವ್ವನನ್ನು ಕೂಡಿಸಿದಳು, ತುಳಿ ಬೇ, ಜೋರ್ ತುಳಿ, ಈಗ ಕಾಲ ಬಿಡು, ನೋಡು, ಗಾಲಿ ನಿಂತಿತೇನು, ನಿಂದರಂಗಿಲ್ಲ, ಭಾರೆಲ್ಲ ಅಂಚಿನ್ಯಾಗ ಐತಿ ಅದಕ್ಕ ನಿಂದರಂಗಿಲ್ಲ, ನಟ್ಟನಡುವ ಇದ್ದಿದ್ರ ಲಗೂ ನಿಂತ ಬಿಡತಿತ್ತು — ಆವತ್ತು ತಿಳಿದದ್ದು ಸಾಯುವತನಕ ಮರೆಯುವುದಿಲ್ಲ. ಮಾಮಾ ಬಾಗಿಲಲ್ಲಿ ನಿಂತು ಬೀಡಿ ಸೇದುತ್ತಾ, ನಿಮ್ಮ ಇನಿವರ್ಸಿಟಿ ಬಿಟ್ಟಿತಂದ್ರ ಹೇಳ್ರಿ, ಹಾಲಸಿದ್ದನ ಜಾಕೀಟ ನಾಳಿಗೆ ಕೊಡಬೇಕು, ಅನ್ನುತ್ತಿದ್ದ, ಆ ಜಾಕೀಟಿನದೇ ಒಂದು ಕಥೆ, ಲಗ್ನಕ್ಕೆ ಹೊಲಿಸಿದ ಕರಿ ಜಾಕೀಟು, ಹಾಕಿ ನೋಡಿದ ಹಾಲಸಿದ್ದ ಎದೆಯ ಮೇಲೆ ಒರೆಸದೆ ಉಳಿದ ಇಂಟಿಗ್ರೇಶನ್ ಚಿಹ್ನೆಗೆ ಬೆರಳಿಟ್ಟು, ಇದೇನ್ರಿ ಲಾಲಸಾಬ, ಬೆಳ್ಳನ್ನ ಹಾವು, ಅಂದ, ಮಾಮಾ ಕಣ್ಣು ಮಿಟುಕಿಸದೆ, ಅಳತಿ ರೀ ಗೌಡ್ರ, ಮಿರಜದ ಕಟಿಂಗಿಗೆ ಹಂಗ ಗುರ್ತ ಹಾಕ್ತಾರ, ಅಂದುಬಿಟ್ಟ. ಒಳಗೆ ಆಪಾ ತಾರವ್ವ ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎಂಥ ನಗು ಅದು, ಕಲ್ಮಷವಿಲ್ಲದ್ದು.

ಇಷ್ಟೆಲ್ಲ ಮಾಡಿ ಆಪಾ ಕೇಳುತ್ತಿದ್ದುದು ಒಂದೇ, ಶುಕ್ರವಾರ ಸಂಜೆ, ಸರ್ ನೋಟುಬುಕ್ಕು ತಿದ್ದಿ ಕೊಡುವ ದಿನ, ತಾರವ್ವ ಬಸ್ಸಿಳಿದು ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ — ಸರ್ ಏನಂದ್ರವಾ? ಬರೋಬರಿ ಐತಿ ಅಂದ್ರು ಆಪಾ. ನೋಡೂನು, ಅಂತ ಕೈ ಚಾಚುವುದು, ಕೆಂಪು ಟಿಕ್ ಗುರುತುಗಳ ಮೇಲೆ ಬೆರಳಾಡಿಸುವುದು, ಒಂದೊಂದರ ಮೇಲೂ, ಬಿಸಿ ಹಪ್ಪಳ ಮುಟ್ಟಿದಂತೆ ಮುಟ್ಟಿ ಮುಟ್ಟಿ ಬಿಡುವುದು. ಹೋದ ತಿಂಗಳು ಮಿರಜಿನಿಂದ ಆಪಾನ ತಮ್ಮ ಮಲಂಗಸಾಬ ಬಂದವನು ಹಳದಿ ಕಾಗದದ ಒಂದು ಫಾರ್ಮು ತಂದುಕೊಟ್ಟ, ಮನೆಯಲ್ಲೇ ಕೂತು ಓದಿ ಪರೀಕ್ಷೆಗೆ ಕೂಡಬಹುದಂತೆ, ಬಿ.ಎ. ಅಂತೆ, ಗಣಿತ ತಗೊಳ್ಳಬಹುದಂತೆ, ಅವನು ಹೇಳುತ್ತಿದ್ದರೆ ಆಪಾ ಕಾಜು ಮಾಡುವುದನ್ನು ನಿಲ್ಲಿಸಲೇ ಇಲ್ಲ, ಹಾಂ ಹೂಂ ಅನ್ನಲಿಲ್ಲ, ಫಾರ್ಮನ್ನು ಅಡ್ಡ ಒಂದು ಉದ್ದ ಒಂದು, ನಾಲ್ಕಾಗಿ ಮಡಚಿ ಗುಂಡಿಯ ಡಬ್ಬಿಯ ತಳಕ್ಕೆ ಹಾಕಿಟ್ಟಳು. ಮಾಮಾ ಎರಡು ಸಲ ಅಂದ, ತುಂಬ್ ಹೋಗ, ಯಾರ ಬ್ಯಾಡ ಅಂದಾರ ನಿನಗ. ತಾರವ್ವ ಹತ್ತು ಸಲ ಅಂದಳು. ಕೊನೆಗೆ ಹೋದ ಸೋಮವಾರ ಆಪಾ ತಾನೇ ಬಾಯಿ ಬಿಟ್ಟಳು, ಹನ್ನೊಂದ ವರ್ಷ ಆತಬೇ, ತಲಿಯೊಳಗ ಏನ ಉಳದೈತಿ ಏನ ಹೋಗೈತಿ ನನಗ ಗೊತ್ತಿಲ್ಲ, ನಿಮ್ಮ ಸರ್ ನನ್ನ ಮಾರಿ ನೋಡಿದವರಲ್ಲ, ನನಗ ಪಾಪ ಅನ್ನವರಲ್ಲ, ಅವರ ತಿದ್ದಿದ್ದ ಖರೆ, ಈ ವಾರದ ಹತ್ತು ಲೆಕ್ಕಾ ಯಾರಿಗೂ ಕೇಳಲಾರದ, ಪುಸ್ತಕ ನೋಡಲಾರದ ಮಾಡ್ತೇನಿ, ಹತ್ತೂ ಬರೋಬರಿ ಬಂದ್ರ ಫಾರಂ ತುಂಬತೇನಿ, ಒಂದ ತಪ್ಪಿದ್ರೂ ಸಾಕು, ನನ್ನ ದಾರಿ ಗುಂಡಿ ಹಚ್ಚೂದ ಅಂತ ತಿಳಕೊಂಡ ಸುಮ್ಮ ಕುಂಡರ್ತೇನಿ, ಆಮ್ಯಾಲ ನೀನೂ ಮಾಮಾನೂ ನನಗ ಒಂದ ಮಾತ ಅನಬಾರದು. ಆಣೆ ಹಾಕಿಸಿಕೊಂಡಳು. ಭಾನುವಾರ ತಮ್ಮ ಬಂದು ಫಾರ್ಮು ಒಯ್ಯುತ್ತಾನೆ, ಸೋಮವಾರ ಕೊನೆಯ ದಿನ. ಇವತ್ತು ಶುಕ್ರವಾರ.

ಇವತ್ತು ಮುಂಜಾನೆ. ಎರಡನೆಯ ತಾಸು. ಸರ್ ನೋಟುಬುಕ್ಕುಗಳನ್ನು ಹಂಚುತ್ತಾ ಬಂದವರು ಅವಳ ನೋಟುಬುಕ್ಕನ್ನು ಕೊಡದೆ ಎತ್ತಿ ಹಿಡಿದರು, ಕೆಟ್ಟವರಲ್ಲ ಸರ್, ಬೈಯುವುದಿಲ್ಲ, ನಗಿಸುತ್ತಾರೆ, ಅವರು ನಗಿಸುವುದಕ್ಕಿಂತ ಬೈದರೆ ವಾಸಿ, ನಿಂದರವಾ ತಾರವ್ವ, ಒಂಬತ್ತ ಲೆಕ್ಕಾ ಚಿನ್ನದಂಗ ಮಾಡೀದಿ, ಹತ್ತನೇದ ನೋಡು, ನಾಕ ಚುಂಚಿನ ಚಿಕ್ಕಿಯಂಥ, ನಕ್ಷತ್ರದಂಥ ಆಕೃತಿ, ಅದರ ಕ್ಷೇತ್ರಫಲ ಕೇಳಿದ್ರ ನೀ ಕಾಲಭಾಗ ತಂದ ಕೊಟ್ಟಿಯಲ್ಲ, ಉಳದ ಮುಕ್ಕಾಲ ಚಿಕ್ಕಿ ಯಾರ ಮನ್ಯಾಗ ಬಿಟ್ಟ ಬಂದಿ? ಎಲ್ಲರೂ ನಕ್ಕರು. ನಕ್ಕರೆ ನಗಲಿ, ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು, ಸರ್ ಹಾಳೆ ನೋಡುತ್ತಾ, ಕಡೀತನಕ ಇಷ್ಟ ಚಂದ ಬಂದಾಕಿ ಕಡಿಗೆ ನಾಕರಿಂದ ಗುಣಿಸೂದ ಮರೀತಾಳಂದ್ರ ಇದು ನಿನ್ನ ಲೆಕ್ಕಲ್ಲ, ಯಾರ ಹೇಳಿಕೊಟ್ರು, ಅಂದರು. ಅರವತ್ತು ಮುಖ. ನಾನೇ ಮಾಡಿದೆ ಅನ್ನಬಹುದಿತ್ತು, ಬೋರ್ಡಿಗೆ ಕರೆಯುತ್ತಾರೆ, ಮಾಡಲಿಕ್ಕೆ ಬರುವುದಿಲ್ಲ, ಆ ಒಂದು ಗಳಿಗೆಯಲ್ಲಿ ತಪ್ಪು ತನ್ನದಲ್ಲ ಅಂತ ತೋರಿಸುವುದೇ ದೊಡ್ಡದಾಗಿಬಿಟ್ಟಿತು, ಬಾಯಿ ತಾನಾಗಿ ತೆರೆಯಿತು — ನಮ್ಮ ಓಣಿ ಟೇಲರನ ಹೆಂಡ್ತಿರಿ ಸರ್. ಹಿಂದಿನ ಬೆಂಚಿನಿಂದ ಯಾವನೋ, ಜಂಪರ ಹೊಲಸಾಕ ಹೋದಾಗ ಲೆಕ್ಕಾನೂ ಹೊಲಸ್ಕೊಂಡ ಬಂದಾಳ್ರೀ, ಅಂದ, ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು, ಸರ್ ಕೂಡ ತುಟಿ ಬಿಗಿಹಿಡಿದು ನಕ್ಕರು, ಮತ್ತೆ, ಮತ್ತೆ ತಾರವ್ವನೂ ನಕ್ಕಳು. ಯಾರೂ ಕಚಗುಳಿಯಿಟ್ಟು ನಗಿಸಲಿಲ್ಲ. ನಾನು ನಿಮ್ಮವಳೇ, ಆ ಟೇಲರನ ಹೆಂಡತಿಯ ಕಡೆಯವಳಲ್ಲ ಅಂತ ಹೇಳಿದ ಹಾಗೆ ನಕ್ಕಳು, ತನ್ನ ನಗು ತನ್ನ ಕಿವಿಗೆ ಕೇಳಿತು, ಥೂ, ಇಂಥ ಬಾಯಿಗೆ ಮಣ್ಣು ಹಾಕಬೇಕು, ವರ್ಷವಿಡೀ ಮಧ್ಯಾಹ್ನದ ನಿದ್ದೆ ಬಿಟ್ಟು ಹೇಳಿಕೊಟ್ಟವಳು, ಒಂದು ದಿನ ಒಂದು ಗುಂಡಿಸೂಜಿ ಕೇಳದವಳು, ಮತ್ತು ಇವಳು ನಕ್ಕಳು.

ಕಂಡಕ್ಟರು ಟಿಕೇಟ್ ಟಿಕೇಟ್ ಅನ್ನುತ್ತಾ ಬಂದು ಹೋದ, ಬಸ್ಸು ಯಾವುದೋ ಊರ ಕಟ್ಟೆಗೆ ನಿಂತಿತು, ತಂಬಾಕಿನ ಚೀಲ ಇಳಿಯಿತು, ಘಾಟಿಗೆ ಸೀನು ಬಂತು, ಸುಳ್ಳು ಹೇಳಿದರಾಯಿತು, ಹತ್ತೂ ಬರೋಬರಿ ರೀ ಆಪಾ, ಅಷ್ಟೇ, ನಾಲ್ಕು ಶಬ್ದ, ನೋಟುಬುಕ್ಕು ಕಾಲೇಜಿನಲ್ಲೇ ಉಳಿಯಿತು ಅಂದರಾಯಿತು, ಮನೆಯಲ್ಲಿ ಅಡಕಲ ಗಡಿಗೆಗಳ ಹಿಂದೆ ಇಟ್ಟು ಬಂದರಾಯಿತು, ಫಾರ್ಮು ತುಂಬುತ್ತಾಳೆ, ಭಾನುವಾರ ತಮ್ಮ ಬರುತ್ತಾನೆ, ಇದೇ ಬಸ್ಸು ಅಂಕಲಿ ದಾಟಿ ಕೃಷ್ಣೆಯ ಪೂಲು ದಾಟಿ ಮಿರಜಿಗೆ ಹೋಗುತ್ತದೆ, ಈ ಸೀಟಿನಲ್ಲೇ ಆಪಾ ಕೂತು ಹೋಗುತ್ತಾಳೆ ಪರೀಕ್ಷೆಗೆ, ಒಳ್ಳೆಯದಕ್ಕೆ ಹೇಳಿದ ಸುಳ್ಳು — ಒಳ್ಳೆಯದು ಯಾರಿಗೆ? ಸುಳ್ಳು ಹೇಳಿದರೆ ನಕ್ಕದ್ದನ್ನೂ ಹೇಳಬೇಕಾಗಿಲ್ಲವಲ್ಲ, ಅದಕ್ಕೇ ಅಲ್ಲವೇ ಸುಳ್ಳು ಇಷ್ಟು ಸಿಹಿ ಕಾಣುತ್ತಿರುವುದು, ಕಳ್ಳಿ. ಕಟ್ಟೆಯಿಂದ ಒಬ್ಬಳು ಮಗುವನ್ನು ಹತ್ತಿಸಿದಳು, ನಾಲ್ಕೈದು ವರ್ಷದ ಹುಡುಗಿ, ಘೇರಿನ ಫ್ರಾಕು, ಗುಲಾಬಿ ಬಣ್ಣ, ಹೊಸದು, ಸೀಟು ಸಿಗದೆ ನಡುವೆ ನಿಂತ ಹುಡುಗಿ ಕಂಬಿ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿತು, ಫ್ರಾಕು ಎದ್ದು ಪೂರ್ತಿ ದುಂಡಗೆ ತೆರೆಯಿತು, ಛತ್ರಿಯಂತೆ, ತಾಯಿ ಗದರಿದಳು, ಹುಡುಗಿ ಇನ್ನೊಂದು ಸುತ್ತು ತಿರುಗಿತು, ಪೂರ್ತಿ ದುಂಡಗೆ — ತಾರವ್ವ ಸೀಟಿನಲ್ಲಿ ನೆಟ್ಟಗೆ ಕೂತಳು. ಘೇರಿನ ಫ್ರಾಕು ಕತ್ತರಿಸುವುದನ್ನು ನೂರು ಸಲ ನೋಡಿದ್ದಾಳೆ, ಅರಿವೆಯನ್ನು ಒಂದು ಸಲ ಮಡಚು, ಇನ್ನೊಂದು ಸಲ ಮಡಚು, ನಾಲ್ಕು ಪದರ, ಮೇಲಿನ ಪದರದ ಮೇಲೆ ಕಾಲು ಚಕ್ರದಷ್ಟೇ ಸಬಕಾರದ ಗೆರೆ, ಕತ್ತರಿ ಆಡಿತು, ಕಾಲನ್ನೇ ಕತ್ತರಿಸಬೇಕು, ಪೂರ್ತಿ ತಾನಾಗಿ ಬರುತ್ತದೆ, ನಾಕ ಸಲ ಯಾಕ ಕತ್ತರಸ್ತಿಬೇ, ಘಡಿ ಬಿಚ್ಚಿದ್ರ ಆತಲ್ಲ, ಇದು ಆಪಾ ಮಡಿಕೆ ಬಿಚ್ಚುತ್ತಾ ಹೇಳುತ್ತಿದ್ದ ಮಾತು. ನಾಲ್ಕು ಚುಂಚಿನ ಚಿಕ್ಕಿಯನ್ನೂ ನಾಲ್ಕಾಗಿ ಮಡಚಿದ್ದಾಳೆ, ಒಂದು ಪದರದ ಲೆಕ್ಕ ಚಿನ್ನದಂತೆ ಮಾಡಿದ್ದಾಳೆ, ಇಷ್ಟ, ಆತು, ಅಂತ ಸಬಕಾರ ಕೆಳಗಿಟ್ಟಿದ್ದಾಳೆ, ಹನ್ನೊಂದು ವರ್ಷ ದಿನಕ್ಕೆ ನಾಲ್ಕು ಸಲ ಕಾಲು ಕತ್ತರಿಸಿ ಪೂರ್ತಿ ಪಡೆದ ಕೈ ಅದು, ಮರೆತದ್ದಲ್ಲ, ತಲೆ ಬತ್ತಿದ್ದಲ್ಲ! ಇದನ್ನು ಮುಂಜಾನೆ ಹೇಳಬಹುದಿತ್ತು, ಸರ್, ಅವರು ಅರಿವಿ ಮಡಚಿ ಕತ್ತರಸವರು, ಬಿಚ್ಚೂದ ಅಷ್ಟ ಬಿಟ್ಟಾರ, ಅಂದಿದ್ದರೆ ಸರ್ ಎದ್ದು ನಿಲ್ಲುತ್ತಿದ್ದರು, ಖಂಡಿತ ಎದ್ದು ನಿಲ್ಲುತ್ತಿದ್ದರು, ಹೇಳುವ ಬದಲು ನಕ್ಕಳು. ಅಂಕಲಿ, ಅಂಕಲಿ ಇಳೀರಿ, ಕಂಡಕ್ಟರು ಕೂಗಿದ, ಹುಡುಗಿಯ ಫ್ರಾಕು ಸವರಿಕೊಂಡು ಇಳಿದಳು.

ಅಂಗಡಿಯಲ್ಲಿ ಮಾಮಾ ಮಶೀನು ತುಳಿಯುತ್ತಿದ್ದಾನೆ, ಒಳಗಿನ ಮೇಜಿನ ಮೇಲೆ ಕರಿ ಅರಿವೆ ಹಾಸಿದೆ, ಅದರ ಮೇಲೆ ಸಬಕಾರದ ಅಕ್ಷರಗಳು, ಹತ್ತು ಮುಗಿದ ಮೇಲೆ ತಡೆಯಲಾರದೆ ಆಪಾ ಹನ್ನೊಂದನೆಯ ಲೆಕ್ಕ ಹಿಡಿದಿದ್ದಾಳೆ, ಸರ್ ಏನಂದ್ರವಾ? ಹತ್ತೂ ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು, ಕೈ ಮಾತ್ರ ನೋಟುಬುಕ್ಕು ಚಾಚಿತು. ಆಪಾ ಬೆರಳಾಡಿಸುತ್ತಾ ಹಾಳೆ ತಿರುವುತ್ತಾಳೆ, ಒಂದು, ಎರಡು, ಏಳು, ಒಂಬತ್ತು, ಬೆರಳು ಕೆಂಪು ಗೀರಿನ ಮೇಲೆ ನಿಂತಿತು, ತುಟಿ ಅಲುಗಿತು, ಮಶೀನಿನ ಸಪ್ಪಳ, ಮಶೀನಿನ ಸಪ್ಪಳ, ಆಮೇಲೆ ಆಪಾ ಹಣೆ ಬಡಿದುಕೊಂಡು ನಕ್ಕುಬಿಟ್ಟಳು, ಅಯ್ಯ ನನ ಕರ್ಮವ, ಘಡಿ ಬಿಚ್ಚೇ ಇಲ್ಲಲ್ಲ ನಾ, ನೋಡ್ರಿ ಇಲ್ಲೆ, ಕಾಲ ಫ್ರಾಕ ಹೊಲದ ಕೊಟ್ಟೇನಿ, ಮಾಮಾ ಅಲ್ಲಿಂದಲೇ, ಬಿಡ್ ಹೋಗ, ಉಳದದ್ದ ಮುಂದಿನ ವಾರ ಕೊಡೂನು, ಅಂದ, ತಾರವ್ವನೂ ಉಸಿರು ಬಿಟ್ಟಳು, ಮುಗಿಯಿತು ಅಂದುಕೊಂಡಳು, ಆಗ ಆಪಾ ನಗು ಒರೆಸಿಕೊಳ್ಳುತ್ತಾ, ಬಹಳ ಮೆಲ್ಲಗೆ, ಲಗ್ನದ ಹುಡುಗಿಯ ಹಾಗೆ ಕಣ್ಣು ಕೆಳಗೆ ಮಾಡಿ — ಯಾರ ಮಾಡಿದ್ದಂತ ಸರ್ ಕೇಳಿರಬೇಕಲ್ಲಬೇ, ನನ್ನ ಹೆಸರ ಹೇಳಿದೇನು? ಹೆಸರು. ಅದನ್ನೇ ಕಾದಿದ್ದಳು. ಹನ್ನೊಂದು ವರ್ಷದ ಮೇಲೆ ಒಬ್ಬ ಸರ್‌ನ ಕಿವಿಯ ಮೇಲೆ ಆ ಹೆಸರು ಬೀಳುವುದನ್ನು, ತಪ್ಪು ಲೆಕ್ಕದ ನೆವದಿಂದಲಾದರೂ. ಹೆಸರ ಹೇಳಲಿಲ್ಲರಿ ಆಪಾ, ಟೇಲರನ ಹೆಂಡ್ತಿ ಅಂದೆ, ಎಲ್ಲಾರೂ ನಕ್ರು, ನಾನೂ ನಕ್ಕೆರಿ. ಮಾಮಾನ ಕಾಲು ನಿಂತಿತು, ಗಾಲಿ ಮಾತ್ರ ತಿರುಗುತ್ತಲೇ ಇದೆ, ಆಪಾ ಮೇಜಿಗೆ ತಿರುಗಿ ಹನ್ನೊಂದನೆಯ ಲೆಕ್ಕದ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಗೆ ಒಂದು ಸಲ, ಕರಿ ಅರಿವೆ ಬರೇ ಕರಿ ಅರಿವೆ.

ಆಗ ತಾರವ್ವ ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ, ಗುಂಡಿಯ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು, ಗುಂಡಿಗಳು ಚೆಲ್ಲಾಪಿಲ್ಲಿಯಾಗಿ ಉರುಳಿದವು, ತಳದ ಫಾರ್ಮು ಬಿತ್ತು, ಒಂದು ಮಡಿಕೆ ಬಿಚ್ಚಿದಳು, ಇನ್ನೊಂದು ಬಿಚ್ಚಿದಳು, ಪೂರ್ತಿ ಹರಡಿತು, ಪೆನ್ನಿನ ಟೋಪಿ ಹಲ್ಲಿನಿಂದ ಕಿತ್ತಳು, ಹೆಸರ ಹೇಳ್ರಿ, ಪೂರ್ತಿ ಹೇಳ್ರಿ, ಇಲ್ಲೆ ಬರೀತೇನಿ, ಸೋಮವಾರ ಕ್ಲಾಸಿನ್ಯಾಗ ಎದ್ದ ನಿಂತ ಹೇಳ್ತೇನಿ, ನಕ್ಕಾರ ನಗವಲ್ರಾಕ, ಅಂದಳು ತಾರವ್ವ, ಹತ್ತಾಗಲಿಲ್ಲಲ್ಲಬೇ, ಅಂದಳು ಆಪಾ, ಅಂದು, ಫಾರ್ಮಿನ ಮೇಲೆ, ಹೆಸರು ಬರೆಯುವ ಖಾಲಿ ಗೆರೆಯ ಮೇಲೆ ಅಂಗೈ ಇಟ್ಟಳು, ಹನ್ನೊಂದನೆಯ ಲೆಕ್ಕದ ಸಬಕಾರ ಪೂರ್ತಿ ಮೆತ್ತಿಕೊಂಡ ಅಂಗೈ, ಈಗ ಒರೆಸುತ್ತದೆ, ಮೇಲಿಂದ ಕೆಳಗೆ ಒಂದು ಸಲ, ಅಷ್ಟೇ, ಒರೆಸಿ ಮಡಚಿ ಡಬ್ಬಿಗೆ, ಅಂದುಕೊಂಡ ತಾರವ್ವ ಪೆನ್ನು ಹಿಡಿದು ನಿಂತಿದ್ದಾಳೆ, ಅಂಗೈ ಸರಿಯುವುದೂ ಇಲ್ಲ, ಏಳುವುದೂ ಇಲ್ಲ, ಹೊರಗೆ ಮಿರಜಿನ ಬಸ್ಸು ಹಾರ್ನು ಹೊಡೆದು ಪೂಲಿನ ಕಡೆ ಹೊರಟಿತು, ಅದರ ಸಪ್ಪಳ ಹೋಗುವತನಕ ಅಂಗೈ ಅಲ್ಲೇ, ಆಮೇಲೆ ಕಿರುಬೆರಳು ಎದ್ದಿತು, ಅದರ ಪಕ್ಕದ್ದು ಎದ್ದಿತು, ಬರಿ, ನನ್ನ ಹೆಸರ ಬರಿ, ಅಂದಳು ಆಪಾ, ಕಾಗದದ ಮೇಲೆ ಅಂಗೈ ಇದ್ದಲ್ಲಿ ಬಿಳಿ ಅಂಗೈ, ಐದು ಬೆರಳು, ನಡುವೆ ಖಾಲಿ ಗೆರೆ, ಬಿಳಿ ಅಂಗೈ.